ಅಮರ ಅಂದ್ಮೇಲೆ

ಮಾರ್ಚ್ ೧೪, ಶುಕ್ರವಾರ

ನನ್ನ ನಗುವೇ ನನ್ನನ್ನು ಕೊರೆಯುತ್ತಿದೆ. ಮ್ಯೂಸಿಯಂ ಹಿಂದಿನ ಬಯಲಿನಲ್ಲಿ ಕಳೆಗಿಡದ ಬೀಜ ತಿಂದು, ಬಿಸಿಲಿಗೆ ತಾಮ್ರದಂತೆ ಮಿನುಗುತ್ತ ಓಡಾಡುವ ನೆಲಜೀರುಂಡೆಗಳ ವೈಜ್ಞಾನಿಕ ಕುಲನಾಮ ಅಮರ. ಅಲ್ಲಿ ಮರ ಬೆಳೆಸಿ ನೆರಳು ಮಾಡಿದರೆ ಅವು ಉಳಿಯುವುದಿಲ್ಲವೆಂದು ನಿರ್ದೇಶಕರಿಗೆ ವರದಿ ಕೊಟ್ಟೆ. ಮಹಾಶಯರು ಹೆಸರಿನಾಚೆ ಓದಲಿಲ್ಲ.

"ಅಮರ ಅಂದ್ಮೇಲೆ ಸಾಯೋ ಮಾತೆಲ್ಲಿ ಬಂತು ಮೇಡಂ?"

ಎಂಥಾ ಪಾಂಡಿತ್ಯ! ಇಂಗ್ಲಿಷಿನಲ್ಲೇ ಓದಿ ಬರೆದವಳು ನಾನು. ಹನ್ನೊಂದು ವರ್ಷ ಮೊಣಕಾಲೂರಿ ಅವನ್ನು ಎಣಿಸಿದರೂ ಆ ಅರ್ಥ ಹೊಳೆದಿರಲಿಲ್ಲ. ಅದಕ್ಕೇ ಸಭೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕೆನೇ? ನಗು ನಿಲ್ಲುವಷ್ಟರಲ್ಲಿ ಸಸಿ ನೆಡುವ ಆದೇಶಕ್ಕೆ ಸಹಿ ಬಿದ್ದಿತ್ತು. ಅವರು ಸಹಿ ಹಾಕಿದ ಪೆನ್ನು ನನ್ನದೇ.

ಆ ದಡ್ಡನಿಗೆ ಗೊತ್ತಿರಲಿಲ್ಲ ಎಂಬ ನೆಪವಾದರೂ ಇದೆ. ನನಗೆ?