ಏಳನೇ ಸಂಚಿಕೆ ಮತ್ತು ಎರಡು ಎಡಗಾಲುಗಳು

ಸಾರ್ವಜನಿಕ ಟೀವಿ ವಾಹಿನಿಯ ಸಂಗ್ರಹ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು ತಪ್ಪನ್ನು ಉಳಿಸಿಕೊಂಡು ತಿದ್ದುಪಡಿಯನ್ನು ಕಿತ್ತುಹಾಕಿದ್ದೀರಿ.

ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ನಿಮ್ಮ ವಾಹಿನಿಯ ಮರಗೆಲಸದ ಸರಣಿಯಲ್ಲಿ ಹದಿಮೂರು ಸಂಚಿಕೆಗಳಿದ್ದವು. ಒಬ್ಬ ಮುದುಕ ಮೇಸ್ತ್ರಿ ಹದಿಮೂರು ವಾರ ಕೂತು ಒಂದೇ ಒಂದು ತೋಳುಕುರ್ಚಿ ಮಾಡುತ್ತಾರೆ. ಆರನೇ ಸಂಚಿಕೆಯಲ್ಲಿ ಅವರು ಒಂದು ತಪ್ಪು ಮಾಡುತ್ತಾರೆ. ಏಳನೆಯದರಲ್ಲಿ ಅದನ್ನು ಎಲ್ಲರೆದುರು ಒಪ್ಪಿಕೊಂಡು, ಸರಿಪಡಿಸುವುದು ಹೇಗೆಂದು ತೋರಿಸುತ್ತಾರೆ. ನಿಮ್ಮ ಜಾಲತಾಣದಲ್ಲಿ ಇಂದು ಆರನೆಯದು ಇದೆ, ಏಳನೆಯದು ಇಲ್ಲ. ಉಳಿದ ಹನ್ನೆರಡನ್ನೂ ಈ ತಿಂಗಳ ಕೊನೆಗೆ ತೆಗೆಯುತ್ತೇವೆಂದು ಬೇರೆ ಪ್ರಕಟಿಸಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೆ. ನೆಗಡಿಯನ್ನು ಜೋಪಾನವಾಗಿಟ್ಟು ಕರವಸ್ತ್ರವನ್ನು ಸುಟ್ಟವರನ್ನು ಈಗಷ್ಟೇ ನೋಡುತ್ತಿದ್ದೇನೆ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಷ್ಟ ನಮ್ಮ ಅಪ್ಪನಿಗೆ. ಅವರು ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಗೈ, ಬಲಗಾಲು ಸೋತವು. ಮಾತು ಮಾತ್ರ ಒಂದು ಕೂದಲೆಳೆಯಷ್ಟೂ ಕೊಂಕಲಿಲ್ಲ. "ಊರನ್ನೆಲ್ಲ ಮೇಲೆತ್ತಿದವನು ನಾನು, ಈಗ ನನ್ನನ್ನ ಎತ್ತೋಕೆ ಇಬ್ಬರು ಬೇಕು, ನೋಡು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೇಳಿ ನಗುತ್ತಾರೆ. ಆದರೆ ಬಚ್ಚಲಿಗೆ ಹೋಗಬೇಕಾದಾಗ ನಗುವುದಿಲ್ಲ. ನಾನು ಕೆಲಸಕ್ಕೆ ಹೋಗಿ, ಅಮ್ಮ ಅಂಗಡಿಗೆ ಹೋಗಿದ್ದರೆ, ಅವರು ಹಲ್ಲು ಕಚ್ಚಿ ಕಾಯುತ್ತಾರೆ. ಕೇಳಿದರೆ, ಪೇಪರ್ ಓದುತ್ತಾ ಕೂತಿದ್ದೆ ಅನ್ನುತ್ತಾರೆ. ಪೇಪರ್ ಒಮ್ಮೊಮ್ಮೆ ತಲೆಕೆಳಗಾಗಿರುತ್ತದೆ.

ವ್ಯಾಯಾಮ ಮಾಡಿಸಲು ಬರುವ ಆಸ್ಪತ್ರೆಯ ಹುಡುಗಿ ಹೇಳಿದ್ದು ಇಷ್ಟು: ಆಸನ ಎತ್ತರವಿರಬೇಕು, ಕೈಯಾಸರೆ ಮುಂಚಾಚಿ ಗಟ್ಟಿಯಾಗಿರಬೇಕು, ಆಗ ಎಡಗೈ ಊರಿ ಅವರೇ ಏಳಬಹುದು. ಅಂಗಡಿಗಳನ್ನು ಸುತ್ತಿದೆವು. ಮೆತ್ತನೆಯ ಕುರ್ಚಿಗಳು ಅಪ್ಪನನ್ನು ನುಂಗಿದವು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಭಾರ ಹಾಕಿದಾಗ ಅವರಿಗಿಂತ ಮೊದಲು ಕುರ್ಚಿಯೇ ಎದ್ದಿತು. ಆಗ ಸಿಕ್ಕಿದ್ದು ನಿಮ್ಮ ಸರಣಿ. ಮೇಸ್ತ್ರಿ ತಮ್ಮ ಸ್ವಂತ ಮಂಡಿನೋವಿಗೆಂದೇ ಮಾಡಿಕೊಂಡ ಕುರ್ಚಿ ಅದು. ಮೊದಲ ಸಂಚಿಕೆಯಲ್ಲೇ ಹೇಳುತ್ತಾರೆ: "ಇದು ಕೂರೋಕೆ ಅಲ್ಲ, ಏಳೋಕೆ ಮಾಡೋ ಕುರ್ಚಿ." ಅಪ್ಪ ಹೊದ್ದಿದ್ದ ಶಾಲನ್ನು ಕೆಳಗಿಟ್ಟರು. "ಈ ಮುದುಕ ನನ್ನ ಪಾರ್ಟಿ" ಅಂದರು.

ಅಮ್ಮ ದರ್ಜಿ. ಮರದ ಕೆಲಸ ಎಂದೂ ಮಾಡಿದವಳಲ್ಲ, ಆದರೆ ಅಳತೆ ಅವಳ ಕಣ್ಣಲ್ಲೇ ಇದೆ. ಕೆಡವಿದ ಶಾಲೆಯೊಂದರ ಹಳೆಯ ಬಾಗಿಲನ್ನು ಗುಜರಿಯಿಂದ ತಂದಳು. ಒಂದು ಕುರ್ಚಿಗೆ ಸರಿಯಾಗಿ ಸಾಕು, ಒಂದು ಬೆರಳು ಹೆಚ್ಚಿಲ್ಲ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಅದರ ಪಕ್ಕ ಉಳಿ ಸುತ್ತಿಗೆ ಇಟ್ಟುಕೊಂಡು, ಫೋನನ್ನು ನೂಲಿನ ಡಬ್ಬಕ್ಕೆ ಆನಿಸಿ, ವಾರಕ್ಕೊಂದು ಸಂಚಿಕೆಯಂತೆ ಐದು ವಾರ ಕೆಲಸ ಮಾಡಿದಳು. ನೋಡುವುದು, ನಿಲ್ಲಿಸುವುದು, ಕೊರೆಯುವುದು, ಮತ್ತೆ ನೋಡುವುದು. ಪಕ್ಕದ ಮನೆಯವರು ದೂರು ಹೇಳಲು ಬಂದು, ಗರಗಸದ ಇನ್ನೊಂದು ತುದಿ ಹಿಡಿದು ಹೋದರು.

ಆರನೇ ವಾರ ಮುಂಗಾಲುಗಳ ಸರದಿ. ಇಲ್ಲಿ ಸ್ವಲ್ಪ ಗಮನ ಕೊಡಿ, ನೀವು ತೆಗೆದುಹಾಕಿದ್ದು ಏನೆಂದು ನಿಮಗೆ ಗೊತ್ತಾಗಲಿ. ಪ್ರತಿ ಕಾಲಿನಲ್ಲೂ ಅಡ್ಡಪಟ್ಟಿ ಸೇರಿಸಲು ಎರಡು ಚೌಕ ತೂತು ಕೊರೆಯಬೇಕು. ಎದುರಿನ ಪಟ್ಟಿಗೆ ಒಂದು, ಪಕ್ಕದ ಪಟ್ಟಿಗೆ ಎರಡು ಬೆರಳು ಕೆಳಗೆ ಇನ್ನೊಂದು. ಎಡಗಾಲು, ಬಲಗಾಲು ಕನ್ನಡಿಯಲ್ಲಿ ನೋಡಿದ ಹಾಗೆ ಇರಬೇಕು. ಮೇಸ್ತ್ರಿ ಮಾತಾಡುತ್ತಾ ಮಾತಾಡುತ್ತಾ ಎರಡನ್ನೂ ಒಂದೇ ಥರ ಕೊರೆದುಬಿಟ್ಟರು. ಎರಡೂ ಎಡಗಾಲು. ಗೊತ್ತಾಗದೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, "ಲಕ್ಷಣವಾಗಿದೆ, ಮುಂದಿನ ವಾರ ಜೋಡಿಸೋಣ" ಎಂದು ಕೈ ಕೊಡವಿಕೊಂಡರು.

ಅಮ್ಮ ಅರ್ಧಕ್ಕೆ ಉಳಿ ನಿಲ್ಲಿಸಿದ್ದಳು. "ಯಾಕೋ ಎರಡೂ ಎಡತೋಳು ಕತ್ತರಿಸಿದ ಹಾಗೆ ಕಾಣ್ತಿದೆಯಲ್ಲ?" ಅಂದಳು. ಬಟ್ಟೆಯನ್ನು ಮಗುಚಲು ಮರೆತರೆ ಅಂಗಿಯ ಎರಡೂ ತೋಳು ಒಂದೇ ಕಡೆಯವಾಗುತ್ತವೆ. ಕಲಿಯುವ ಕಾಲದಲ್ಲಿ ಎಲ್ಲ ದರ್ಜಿಗಳೂ ಮಾಡುವ ತಪ್ಪು ಅದು. ಆಗ ಅವಳಿಗೆ ಉತ್ತರ ಕೊಟ್ಟವಳು ನಾನು. "ಟೀವಿಲಿ ಬರೋರಿಗೆ ಗೊತ್ತಿರಲ್ವಾ ಅಮ್ಮ? ಅವರು ತೋರಿಸಿದ ಹಾಗೆ ಮಾಡು." ಅಧಿಕಾರವನ್ನು ಪ್ರಶ್ನಿಸಿ ಎಂಬ ಕರಪತ್ರವನ್ನು ಅದೇ ದಿನ ಬೆಳಿಗ್ಗೆ ಅಚ್ಚುಕೂಟದಲ್ಲಿ ಎಂಟುನೂರು ಪ್ರತಿ ಮಡಚಿ ಬಂದಿದ್ದ ನಾನು ಈ ಮಾತು ಹೇಳಿದೆ. ಅಮ್ಮ ಕೊರೆದಳು.

ಮರುವಾರ ನೋಡಿದರೆ ಏಳರ ಜಾಗದಲ್ಲಿ ಒಂದು ಬೂದು ಚೌಕ. "ಈ ಸಂಚಿಕೆ ಲಭ್ಯವಿಲ್ಲ." ನೇರ ಎಂಟಕ್ಕೆ ಹೋದರೆ ಮೇಸ್ತ್ರಿಯ ಕುರ್ಚಿ ಆಗಲೇ ನೆಟ್ಟಗೆ ನಿಂತಿದೆ, ಅವರು ಕೈಯಾಸರೆ ಉಜ್ಜುತ್ತಿದ್ದಾರೆ. ನಮ್ಮ ಮನೆಯಲ್ಲಿ ಎರಡು ಎಡಗಾಲು ಗೋಡೆಗೆ ಒರಗಿ ನಿಂತಿವೆ. ಅಪ್ಪ ನೋಡಿ, "ನನಗೆ ಬಲಗಾಲು ಕೈಕೊಟ್ಟಿದೆ, ಇದಕ್ಕೆ ಬಲಗಾಲು ಹುಟ್ಟಲೇ ಇಲ್ಲ. ಒಳ್ಳೆ ಜೋಡಿ" ಎಂದರು. ಅಮ್ಮ ನಗಲಿಲ್ಲ.

ತಿರುಗಿಸಿ ಹಾಕಿದರಾಯಿತು ಎನ್ನುತ್ತೀರಾ? ತಿರುಗಿಸಿದರೆ ಒಂದು ಕಡೆಯ ತೂತು ಎರಡು ಬೆರಳು ಕೆಳಗೆ ಬೀಳುತ್ತದೆ. ಇದೇ ಸರಣಿ ನೋಡಿ ಕುರ್ಚಿ ಮಾಡಿದ ನಮ್ಮ ಬೀದಿಯ ಕ್ಷೌರಿಕ ಹಾಗೇ ಮಾಡಿದ. ಅವನ ಅಂಗಡಿಯಲ್ಲಿ ಕಾಯುವವರೆಲ್ಲ ಈಗ ಬಲಕ್ಕೆ ವಾಲಿ ಕೂರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು, "ಕುರ್ಚಿ ಸರಿಯಾಗೇ ಇದೆ, ನೀವು ನೆಟ್ಟಗೆ ಕೂತ್ಕೊಳ್ಳಿ" ಅಂತ ಗಿರಾಕಿಗಳಿಗೇ ಗದರುತ್ತಾನೆ.

ಬಡಗಿಯನ್ನು ಕೇಳಬಾರದಿತ್ತೇ? ಕೇಳಿದೆವು. ಪೀಠೋಪಕರಣದ ಅಂಗಡಿಯ ಬಡಗಿ ಎರಡೂ ಕಾಲನ್ನು ತಿರುಗಿಸಿ ನೋಡಿದ. "ಅಮ್ಮ, ನಾನು ಮಾಡೋದು ಪೆಟ್ಟಿಗೆಯಲ್ಲಿ ಬಂದ ಹಲಗೆಗೆ ಸ್ಕ್ರೂ ಹಾಕೋದು. ಇಂಥ ತೂತು ನಮ್ಮ ತಾತ ಕೊರೀತಿದ್ದ. ಆ ಸಂಚಿಕೆ ಸಿಕ್ಕಿದ್ರೆ ನನಗೂ ಹೇಳಿ" ಅಂದ. ಸರಣಿಯ ಮೇಸ್ತ್ರಿಯೂ ತೀರಿಕೊಂಡು ನಾಲ್ಕು ವರ್ಷವಾಯಿತು. ಅಲ್ಲಿಗೆ ಹೋಗಿ ಕೇಳುವ ಆತುರ ನಮ್ಮಲ್ಲಿ ಯಾರಿಗೂ ಇಲ್ಲ.

ಹೀಗಾಗಿ ನಿಮಗೆ ಬರೆದೆ. ನಿಮ್ಮ ಕಚೇರಿಯ ಉತ್ತರ ನನ್ನ ಮುಂದಿದೆ. "ಗುಣಮಟ್ಟ ಪರಿಶೀಲನಾ ಸಮಿತಿಯ ಶಿಫಾರಸಿನಂತೆ ದೋಷಯುಕ್ತ ಸಂಚಿಕೆಯನ್ನು ಹಿಂಪಡೆಯಲಾಗಿದೆ. ಹೆಚ್ಚಿನ ಮಾಹಿತಿಗೆ ಸದರಿ ಸಂಚಿಕೆಯನ್ನು ಈಗಾಗಲೇ ವೀಕ್ಷಿಸಿದವರನ್ನು ಸಂಪರ್ಕಿಸಬಹುದು." ಈ ಎರಡನೇ ವಾಕ್ಯವನ್ನು ಬರೆದವರಿಗೆ ನನ್ನ ನಮಸ್ಕಾರ. ಗ್ರಂಥಾಲಯ ಮುಚ್ಚಿ, ಓದಿದವರ ಮನೆ ಬಾಗಿಲು ತಟ್ಟಿ ಎಂದು ಬೋರ್ಡ್ ಹಾಕುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ನಾನು ತಟ್ಟಿದೆ. ಸರಣಿ ಮೊದಲ ಸಲ ಪ್ರಸಾರವಾದಾಗ ಏಳನೆಯದನ್ನು ನೋಡಿದ ಮೂವರು ಸಿಕ್ಕರು. ನಿವೃತ್ತ ಅಂಚೆಯವರು, "ತಪ್ಪು ತೂತಿಗೆ ಅದೇ ಮರದ ತುಂಡು ಬಡಿದರು, ಆಮೇಲೆ ಹೊಸ ತೂತು" ಎಂದರು. ಯಾವ ದಿಕ್ಕಿನ ತುಂಡು, ಅಂಟು ಒಣಗಲು ಎಷ್ಟು ಹೊತ್ತು ಎಂದರೆ, "ಆಗ ನಾನು ಚಹಾ ಮಾಡೋಕೆ ಎದ್ದೆ" ಅಂದರು. ಅವರ ಹೆಂಡತಿ ಒಳಗಿಂದಲೇ, "ಚಹಾ ಮಾಡಿದ್ದು ನಾನು, ನೀವು ನಿದ್ದೆ ಮಾಡ್ತಿದ್ರಿ. ತುಂಡು ಗಿಂಡು ಏನೂ ಇಲ್ಲ, ಕಾಲನ್ನೇ ಕುಯ್ದು ಬೇರೆ ಹಾಕಿದ್ರು" ಎಂದು ಕೂಗಿದರು. ಮೂರನೆಯವರು ನನ್ನ ಸೋದರಮಾವ. ಅವರಿಗೆ ನೆನಪಿರುವುದು ಮೇಸ್ತ್ರಿ ನಕ್ಕಿದ್ದು ಮಾತ್ರ. "ಹೊಟ್ಟೆ ಹಿಡ್ಕೊಂಡು ನಕ್ರು ಕಣೇ. ಐವತ್ತು ವರ್ಷದ ಅನುಭವ, ಎರಡು ಎಡಗಾಲು, ಅಂದ್ರು. ಆಮೇಲೆ ಕ್ಯಾಮೆರಾ ಹಿಡಿದವನಿಗೆ, ನಿಲ್ಲಿಸಬೇಡ ಮಗಾ, ಇದನ್ನೂ ತೆಗಿ, ನೋಡೋರು ಮನೇಲಿ ಇದನ್ನೇ ಮಾಡಿಕೊಂಡು ಕೂತಿರ್ತಾರೆ, ಅಂದ್ರು." ಕುರುಡರು ಆನೆ ಮುಟ್ಟಿದ ಕತೆಯಲ್ಲಿ ಆನೆಯಾದರೂ ಇತ್ತು. ನೀವು ಅದನ್ನೂ ಓಡಿಸಿದ್ದೀರಿ.

ಕೊನೆಗೆ ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ವಿಚಾರಣೆಯ ಕಿಟಕಿಯಲ್ಲಿದ್ದ ಹೆಂಗಸು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅವರ ಮೇಲೆ ಸಿಟ್ಟಾಗಬೇಡಿ, ಆ ಕಟ್ಟಡದಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರು ಅವರೊಬ್ಬರೇ.

"ಯಾರು ನೋಡಿ ತೆಗೆದ್ರು ಮೇಡಂ?"

"ನೋಡಿ ತೆಗೆದ್ರು ಅಂತ ಯಾರು ಹೇಳಿದ್ರು? ಓದಿ ತೆಗೆದ್ರು."

"ಏನು ಓದಿ?"

"ಒಂದೊಂದು ಸಂಚಿಕೆಗೂ ಒಂದು ಸಾಲು ಸಾರಾಂಶ ಇರುತ್ತೆ. ಸಮಿತಿಯವರು ನಾಲ್ಕು ಜನ, ಒಂದು ಮಧ್ಯಾಹ್ನ, ಪಟ್ಟಿ ಓದಿದ್ರು. ಆರರ ಮುಂದೆ 'ಮುಂಗಾಲುಗಳಿಗೆ ತೂತು ಕೊರೆಯುವುದು' ಅಂತಿತ್ತು. ಏಳರ ಮುಂದೆ 'ಹಿಂದಿನ ವಾರದ ತಪ್ಪು, ಅದನ್ನು ಸರಿಪಡಿಸುವ ಬಗೆ' ಅಂತಿತ್ತು. ತಪ್ಪು ಅಂತ ಕಂಡಿದ್ದಕ್ಕೆಲ್ಲ ಗೀಟು ಹಾಕಿದ್ರು."

"ಹಾಗಾದ್ರೆ ಮೇಸ್ತ್ರಿ ತಪ್ಪಾಯ್ತು ಅನ್ನದೆ ಸುಮ್ಮನಿದ್ದಿದ್ರೆ ಉಳೀತಿತ್ತು?"

"ಇಲ್ಲಿ ಸುಮ್ಮನಿದ್ದವರೆಲ್ಲ ಉಳಿದಿದ್ದಾರಮ್ಮ" ಎಂದು ಅವರು ಮುಂದಿನವರನ್ನು ಕರೆದರು.

ಇದನ್ನು ಕೇಳಿದ ಮೇಲೆ ನನಗೆ ಎಷ್ಟೋ ವಿಷಯ ಅರ್ಥವಾಯಿತು. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಅಚ್ಚುಕೂಟದಲ್ಲಿ ಕರಪತ್ರ ಮಡಚುತ್ತೇನೆ, ಮಡಚುವ ಮುಂಚೆ ಓದುತ್ತೇನೆ. ಜ್ಞಾನ ಜನರ ಸ್ವತ್ತು ಎಂಬುದನ್ನು ಓದಿದ್ದು ಒಂದು ಹಸಿರು ಕಾಗದದಲ್ಲಿ. ಅದರ ಹಿಂಬದಿಯಲ್ಲಿ ಹಾಸಿಗೆ ಮಾರಾಟದ ಜಾಹೀರಾತಿತ್ತು, ಆದರೂ ಮಾತು ಮಾತೇ. ತಪ್ಪು ಮಾಡಿ ಬಾಯಿ ಮುಚ್ಚಿಕೊಂಡವನಿಗೆ ಕುರ್ಚಿ, ತಪ್ಪು ಒಪ್ಪಿಕೊಂಡವನಿಗೆ ಬೂದು ಚೌಕ: ಈ ನ್ಯಾಯವನ್ನು ಮಾತ್ರ ಯಾವ ಕರಪತ್ರವೂ ಇಷ್ಟು ಸ್ಪಷ್ಟವಾಗಿ ನನಗೆ ವಿವರಿಸಿರಲಿಲ್ಲ. ಅದಕ್ಕಾಗಿ ನಿಮಗೆ ಋಣಿ.

ಉಳಿದ ಹನ್ನೆರಡನ್ನು ತೆಗೆಯಲು ಕಾರಣ ವೀಕ್ಷಕರ ಕೊರತೆಯಂತೆ. ಅವುಗಳ ಬದಲು ಏನಿದೆ ಎಂದು ನೋಡಿದೆ. ಆರು ಜನ ಗಡಿಯಾರದ ಎದುರು ಓಡಾಡಿ ನಲವತ್ತು ನಿಮಿಷದಲ್ಲಿ ಪುಸ್ತಕದ ಕಪಾಟು ಮಾಡುತ್ತಾರೆ. ಒಬ್ಬಳು ಅಳುತ್ತಾಳೆ, ಒಬ್ಬ ಗೆಲ್ಲುತ್ತಾನೆ. ಯಾರ ಬೆರಳಿಗೂ ಸಿಬಿರು ಚುಚ್ಚುವುದಿಲ್ಲ, ಅಂಟು ಒಣಗಲು ಯಾರೂ ಕಾಯುವುದಿಲ್ಲ. ನೋಡಿ ಮುಗಿಸಿದ ಮೇಲೆ ನಮಗೆ ಒಂದು ಮೊಳೆ ಹೊಡೆಯಲೂ ಬರುವುದಿಲ್ಲ. ಅದನ್ನು ನೋಡುವವರು ಹೆಚ್ಚಿರಬಹುದು. ಆದರೆ ಮೇಸ್ತ್ರಿಯ ಒಂದು ಸಂಚಿಕೆಯನ್ನು ಅಮ್ಮ ವಾರವಿಡೀ ನಿಲ್ಲಿಸಿ ನಿಲ್ಲಿಸಿ ನೋಡಿದ್ದಾಳೆ. ನಿಮ್ಮ ಲೆಕ್ಕದಲ್ಲಿ ಅದು ಒಬ್ಬ ವೀಕ್ಷಕಿ. ಗರಗಸ ಹಿಡಿದ ಪಕ್ಕದ ಮನೆಯವರು, ಹಾಸಿಗೆಯಿಂದಲೇ ಸಲಹೆ ಕೊಟ್ಟ ಅಪ್ಪ, ಊಟದ ಬಿಡುವಿನಲ್ಲಿ ನನ್ನ ಫೋನಿನ ಸುತ್ತ ತಲೆ ತೂರಿಸುವ ಅಚ್ಚುಕೂಟದವರು, ಇವರೆಲ್ಲ ಯಾವ ಲೆಕ್ಕದಲ್ಲಿದ್ದಾರೆ? ಅಚ್ಚುಕೂಟದ ಯಂತ್ರ ಓಡಿಸುವವರು ಹನ್ನೊಂದನೇ ಸಂಚಿಕೆಯಲ್ಲಿ ಮರದ ಜೋಡಣೆ ಬಿಚ್ಚುವ ಬಗೆ ನೋಡಿ ತಮ್ಮ ಮನೆಯ ಕಿಟಕಿಯನ್ನೇ ಬಿಚ್ಚಿ ಕೂತಿದ್ದಾರೆ. ಬಿಚ್ಚಿದ್ದನ್ನು ಮತ್ತೆ ಕೂರಿಸುವುದು ಹದಿಮೂರರಲ್ಲಿದೆ, ಅವರಿನ್ನೂ ಅಲ್ಲಿಗೆ ಮುಟ್ಟಿಲ್ಲ. ತಿಂಗಳ ಕೊನೆಗೆ ಅವರ ಮನೆಗೆ ಗಾಳಿ ಮಳೆ ನುಗ್ಗಿದರೆ ಸಮಿತಿ ಹೋಗಿ ಅಡ್ಡ ನಿಲ್ಲುತ್ತದೆಯೇ?

ನಮ್ಮ ಬೇಡಿಕೆ ಉದ್ದವಿಲ್ಲ. ಏಳನೇ ಸಂಚಿಕೆಯನ್ನು ವಾಪಸು ಹಾಕಿ, ಉಳಿದವನ್ನು ಮುಟ್ಟಬೇಡಿ. ಆರನೆಯದನ್ನೂ ತೆಗೆಯಬೇಡಿ, ದಯವಿಟ್ಟು. ಸಮಿತಿಗೆ ಆ ಉಪಾಯ ಹೊಳೆದರೂ ಹೊಳೆದೀತು ಎಂಬ ಭಯಕ್ಕೆ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಅಂದು ನಿಮ್ಮ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಹಿಂದೆ ನಿಮ್ಮ ಖಾಲಿ ಕುರ್ಚಿ ಕಂಡಿತು. ದಪ್ಪ ಮರ, ಎತ್ತರದ ಆಸನ, ಮುಂಚಾಚಿದ ಗಟ್ಟಿ ಕೈಯಾಸರೆ. ಯಾರೋ ಮೇಸ್ತ್ರಿ ಎಡಗಾಲನ್ನು ಎಡಕ್ಕೂ ಬಲಗಾಲನ್ನು ಬಲಕ್ಕೂ ಕೊರೆದು ಕೂಡಿಸಿದ ಕುರ್ಚಿ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಅದರಿಂದ ಏಳೋಕೆ ಆಗುತ್ತೆ" ಎಂದರು. ಆಮೇಲೆ, "ಅವರು ಏಳ್ತಾರಾ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಅಂದೆ.

ತಿಳಿದುಕೊಳ್ಳಲು ನಾವೇ ಬರುತ್ತಿದ್ದೇವೆ. ಗುರುವಾರ ನಿಮಗೆ ಸಭೆಯಿಲ್ಲ, ಹೇಗೆ ಗೊತ್ತಾಯಿತೆಂದು ಕೇಳಬೇಡಿ. ನಿಮ್ಮ ಕಾಯುವ ಕೋಣೆಯಲ್ಲಿ ಇರುವುದು ಮುರಿದ ಒಂದು ಬೆಂಚು, ಹಾಗಾಗಿ ಆಸನಗಳನ್ನು ನಾವೇ ತರುತ್ತೇವೆ. ಕ್ಷೌರಿಕನ ವಾಲುವ ಕುರ್ಚಿ ನಿಮಗಾಗಿ. ಅಮ್ಮ ಎರಡು ಎಡಗಾಲು, ಉಳಿ, ಸುತ್ತಿಗೆ ಮತ್ತು ಅಂಟಿನ ಡಬ್ಬಿ ತರುತ್ತಾಳೆ. ನೀವು ಏಳನೇ ಸಂಚಿಕೆಯನ್ನು ನಿಮ್ಮ ಪರದೆಯ ಮೇಲೆ ಹಾಕಬೇಕು. ಇಪ್ಪತ್ತೆಂಟು ನಿಮಿಷ, ಅಷ್ಟೇ. ಅಷ್ಟು ಹೊತ್ತು ಅಪ್ಪ ನಿಮ್ಮ ಕುರ್ಚಿಯಲ್ಲಿ ಕೂತಿರುತ್ತಾರೆ. ಸಂಚಿಕೆ ಮುಗಿದ ಮೇಲೆ ಯಾರೂ ಅವರಿಗೆ ಕೈ ಕೊಡಬೇಡಿ. ಅವರೇ ಏಳುತ್ತಾರೆ, ನೀವು ನೋಡುವಿರಂತೆ.

ಗುರುವಾರ, ಬೆಳಿಗ್ಗೆ ಹತ್ತೂವರೆಗೆ, ನಿಮ್ಮ ಕೋಣೆಯಲ್ಲಿ.

ಇಂತಿ,
"ಟೀವಿಲಿ ಬರೋರಿಗೆ ಗೊತ್ತಿರಲ್ವಾ" ಎಂದು ತನ್ನ ಅಮ್ಮನ ಕೈಕೆಲಸ ಕೆಡಿಸಿದ,
ಅಚ್ಚುಕೂಟದಲ್ಲಿ ಕರಪತ್ರ ಮಡಚುವವಳು