ಏಳು ರೊಟ್ಟಿ, ಇಬ್ಬರು

ಮೂಡಲಗಿ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಉದ್ದವ್ವ,

ಮಮದಾಪುರದಲ್ಲಿ ಎಲ್ಲರೂ ಆರಾಮ ಇರಬೇಕು. ನಾನು ಆರಾಮ ಇಲ್ಲ. ಬೆಳಿಗ್ಗೆಯಿಂದ ಎರಡು ಸಲ ಚಹಾ ಕಾಯಿಸಿ ಎರಡು ಸಲವೂ ಕುಡಿಯುವುದನ್ನು ಮರೆತಿದ್ದೇನೆ. ಫೋನ್ ಮಾಡಿದರೆ ನೀನು ಇರಲಿ ಬಿಡ್ರಿ ಅಕ್ಕೋರ ಅನ್ನುತ್ತೀ, ನಾನು ಅಷ್ಟಕ್ಕೇ ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಹುಕ್ಕೇರಿಯ ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕಿ ಕೆಲಸಕ್ಕೆ ನಿನ್ನ ಪರೀಕ್ಷೆ ತೆಗೆದುಕೊಂಡ ಪ್ರಭು ಸರ್ ನನಗೆ ಹಳೆಯ ಪರಿಚಯ. ಮೊನ್ನೆ ಅವರೇ ಬೇರೆ ಕೆಲಸಕ್ಕೆ ಫೋನ್ ಮಾಡಿದಾಗ ನೀನು ಫೇಲಾದ ಕಥೆ ಹೇಳಿದರು. ಏಳನ್ನು ಎರಡರಿಂದ ಭಾಗಿಸಿದರೆ ಪೈಥಾನ್ ಭಾಷೆಯ ಪ್ರೋಗ್ರಾಂ ಏನು ಉತ್ತರ ಕೊಡುತ್ತದೆ ಎಂದು ಕೇಳಿದರಂತೆ. ನೀನು ಮೂರು ಅಂದೆಯಂತೆ. ಪರದೆಯ ಮೇಲೆ ಮೂರೂವರೆ ಬಂತಂತೆ. ಆಗ ನೀನು ಆಡಿದ ಮಾತನ್ನು ಅವರು ನಗುನಗುತ್ತಲೇ ಒಪ್ಪಿಸಿದರು: "ಮಷೀನ್ ಕೆಟ್ಟೈತಿ ನೋಡ್ರಿ ಸರ್. ನಮ್ಮ ಅಕ್ಕೋರು ಮೂರು ಅಂತ ಕಲಿಸ್ಯಾರ."

ನಾನೂ ನಕ್ಕೆ, ಉದ್ದವ್ವ. ಆ ಅಕ್ಕೋರು ನಾನೇ ಎಂದು ಬಾಯಿ ಬಿಡಲಿಲ್ಲ.

೨೦೧೩ರಲ್ಲಿ ಗೋಕಾಕದ ಕ್ಲಾಸಿನಲ್ಲಿ ನಿಂತು ಆ ನಲವತ್ತು ಪಾಠ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದಾಗ ಮೂರು ಅನ್ನುವುದು ಸರಿಯೇ ಇತ್ತು. ಏಳು ರೊಟ್ಟಿ, ಇಬ್ಬರು. ತಲೆಗೆ ಮೂರು, ಉಳಿದದ್ದು ರೊಟ್ಟಿ ಬಡಿದವಳಿಗೆ ಎಂದು ಚಾಷ್ಟಿ ಮಾಡಿ ನಗಿಸಿದ್ದೆ. ಆಮೇಲೆ ಎಲ್ಲರೂ ಹೊಸ ಪೈಥಾನಿಗೆ ಹೋದರು. ಹೊಸದು ಏಳನೆಯ ರೊಟ್ಟಿಯನ್ನೂ ಮುರಿದು ಅರ್ಧರ್ಧ ಹಂಚುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆದು, ಆ ಹಾಳೆ ಹರಿದುಹಾಕಿ, ಇದನ್ನು ಬರೆಯುತ್ತಿದ್ದೇನೆ. ಗೊತ್ತಿತ್ತು. ಅಷ್ಟು ಜನ ನೋಡಿ ಮೆಚ್ಚಿದ ಪಾಠ ತೆಗೆಯಲು ಕೈ ಬರಲಿಲ್ಲ. ಹೊಸದನ್ನು ನಾನೂ ಪೂರ್ತಿ ಕಲಿತಿರಲಿಲ್ಲ, ಗೊತ್ತಿಲ್ಲ ಅನ್ನಲು ನಾಚಿಕೆ.

ನೀನು ಎರಡು ವರ್ಷ ಕುರಿಗಳ ಹಿಂದೆ ತಿರುಗುತ್ತ, ಕಿವಿಯಲ್ಲಿ ನನ್ನ ಪಾಠ ಹಾಕಿಕೊಂಡು ಈ ಕೆಲಸಕ್ಕಾಗಿ ಕಲಿತೆ. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದರೆ ನಿನಗೆ ಮೂರೇ ಬರುತ್ತಿತ್ತು. ಯಾಕೆಂದು ಕೊನೆಗೆ ಬರೆಯುತ್ತೇನೆ, ಧೈರ್ಯ ಬಂದರೆ.

ಇವತ್ತು ಪ್ರಭು ಸರ್‌ಗೆ ಎಲ್ಲ ಹೇಳಿದೆ. ಅವರು, ಮುಂದಿನ ಬುಧವಾರ ಅವಳನ್ನು ಮತ್ತೆ ಪರೀಕ್ಷೆ ಮಾಡುತ್ತೇನೆ, ನೀವೂ ಅವಳ ಜೊತೆಗೆ ಬಂದು ನನ್ನೆದುರು ಇದನ್ನೇ ಹೇಳಿರಿ ಅಂದರು. ಬರುತ್ತೇನೆ. ಪಾಠಗಳನ್ನೂ ತೆಗೆದಿದ್ದೇನೆ. ಶನಿವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಮೂಡಲಗಿಗೆ ಬಾ. ಹೊಸದನ್ನು ಇಬ್ಬರೂ ಮೊದಲಿನಿಂದ ಕಲಿಯೋಣ. ಸಿಟ್ಟಿದ್ದರೆ ಸಿಟ್ಟು ಮಾಡಿಕೊಂಡೇ ಬಾ, ಆದರೆ ಬಾ.

ನಿನ್ನ ಬಾಜೂ ಬೆಂಚಿನಲ್ಲಿ ಕೂರಬೇಕಾದ,
ದಾಕ್ಷಾಯಿಣಿ

ತಾ.ಕ.: ಲ್ಯಾಪ್‌ಟಾಪ್ ಕೊಂಡ ವಾರ ನೀನು ಕ್ಲಾಸಿಗೆ ಓಡಿ ಬಂದು, ನಿಮ್ಮ ಪಾಠದಾಗ ಮೂರು ಐತಿ, ನನಗ ಮೂರೂವರೆ ಬರಾಕತ್ತೈತಿ, ಯಾಕ್ರಿ ಎಂದು ಕೇಳಿದ್ದೆ. ಹತ್ತು ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. "ನಿನ್ನ ಮಷೀನ್ ಕೆಟ್ಟೈತಿ" ಅಂದು, ನಾನೇ ಕೂತು ಅದಕ್ಕೆ ಹಳೆಯ ಪೈಥಾನ್ ಹಾಕಿಕೊಟ್ಟೆ. ಅವತ್ತು ನಿನ್ನ ಮಷೀನ್ ಸರಿಯೇ ಇತ್ತು.