ಎರಡನೇ ಸುತ್ತಿನ ಕ್ಯಾಚರ್

ಚಿರಂತನ್,

ಇವತ್ತು ಆಫೀಸಿನಲ್ಲಿ ಫಿಕಾ ವಿರಾಮದಲ್ಲಿ ಕಾಫಿ ಕುಡಿಯುತ್ತಾ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ನಮ್ಮ ನಮ್ಮ ಕಾಲ್ಪನಿಕ ತಂಡ ಕಟ್ಟಿಕೊಂಡೆವು. ಎಲ್ಲರೂ ಹೋದ ವರ್ಷ ಹೋಮ್ ರನ್ ಬಾರಿಸಿದವರ ಹಿಂದೆ ಬಿದ್ದಾಗ ನಾನು ಎರಡನೇ ಸುತ್ತಿನಲ್ಲೇ, ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಒಬ್ಬನನ್ನು ತೆಗೆದುಕೊಂಡೆ.

"ಬಾರಿಸೋರು ಬೇಕಾದಷ್ಟು ಸಿಗ್ತಾರೆ ಕಣೇ, ಒಳ್ಳೇ ಕ್ಯಾಚರ್ ನಾಲ್ಕೇ ಜನ. ಕಡಿಮೆ ಇರೋದಕ್ಕೇ ಬೆಲೆ" ಎಂದು ನೀನು ಸುಂಡ್‌ಬೀಬರಿ ಊರಿನ ನಿನ್ನ ಪುಟ್ಟ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುತ್ತಾ ಹೇಳುತ್ತಿದ್ದೆ. ನಾನು ನಗುತ್ತಿದ್ದೆ.

ಕೆಲಸ ಹೋಗಿ ನೀನು ಸ್ವೀಡನ್ ಬಿಟ್ಟ ವಾರವೇ ಲೀಗಿನಿಂದ ನಿನ್ನ ಹೆಸರು ತೆಗೆದೆವು. ತೆಗೆಯೋಣ ಎಂದವಳು ನಾನೇ.

ಇವತ್ತು ಕ್ಯಾಚರ್ ಯಾಕೆ ಎಂದು ನಾನು ವಿವರಿಸಿದಾಗ, ಆಫೀಸಿಗೆ ಹೊಸದಾಗಿ ಸೇರಿದ ಸ್ಪಂದನಾ ಬೆರಗಾಗಿ, "ಇದನ್ನ ಯಾರು ಹೇಳ್ಕೊಟ್ರು ನಿಮಗೆ?" ಎಂದು ಕೇಳಿದಳು.

"ಎಲ್ಲೋ ಓದಿದ್ದೆ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನಿನ್ನ ಹೆಸರು ಹೇಳುತ್ತಿದ್ದೆ ಅಂದುಕೊಳ್ಳುತ್ತೇನೆ.

ಸಂಹಿತಾ